ಒಂದೇ ಹೆಸರು, ಎರಡು ಕಪಾಟು

ಬೀದರ ಜಿಲ್ಲೆಯ ಮನ್ನಳ್ಳಿಯಂತಹ ಊರುಗಳ ಹಳೆಯ ಮನೆಗಳಲ್ಲಿ ಜಮೀನಿನ ಕಾಗದಗಳ ಗಂಟು ಬಿಚ್ಚಿದರೆ ಉರ್ದು ಬರಹದ ಹಾಳೆಗಳು ದೊರೆಯುವುದುಂಟು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಸೀಮೆ ಹೈದರಾಬಾದಿನದು. ನಿಜಾಮರ ದಫ್ತರದ ಭಾಷೆ ಉರ್ದು. ಅಜ್ಜ ಸರಾಗವಾಗಿ ಓದುತ್ತಿದ್ದ ಹಾಳೆ ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಗನಿಗೆ ಬರಿಯ ಗೆರೆ. ಕಾಗದದಲ್ಲಿ ದೋಷವಿಲ್ಲ, ಓದುವವನಲ್ಲಿಯೂ ಇಲ್ಲ.

ಗಣಕಯಂತ್ರದ ಮುಂದೆ ಕುಳಿತ ಮೊಮ್ಮಗನಿಗೆ ಇದೇ ತೊಡಕು ಬೇರೊಂದು ವೇಷದಲ್ಲಿ ಬರುತ್ತದೆ. ಗೀಡೊ ವಾನ್ ರಾಸಮ್ ಅವರು 1991ರಲ್ಲಿ ಹೊರತಂದ 'ಪೈಥಾನ್' ಭಾಷೆಯ ಮೂರನೆಯ ಆವೃತ್ತಿ ಬಂದುದು 2008ರ ಡಿಸೆಂಬರಿನಲ್ಲಿ. ಎರಡನೆಯದರ ಪೋಷಣೆ 2020ರ ಜನವರಿ 1ಕ್ಕೆ ನಿಂತಿತು. ಇವೆರಡರ ಅಂತರ ಸಣ್ಣದೆನ್ನಲಾಗದು. ಏಳು ಕ್ವಿಂಟಾಲ್ ತೊಗರಿಯನ್ನು ಇಬ್ಬರು ಅಣ್ಣತಮ್ಮಂದಿರಿಗೆ ಹಂಚಲು ಏಳನ್ನು ಎರಡರಿಂದ ಭಾಗಿಸಿದರೆ ಮೂರನೆಯ ಆವೃತ್ತಿ ಮೂರೂವರೆ ಎನ್ನುತ್ತದೆ. ಎರಡನೆಯದು ಮೂರು ಎಂದು ಸುಮ್ಮನಾಗುತ್ತದೆ. ಒಂದು ಕ್ವಿಂಟಾಲ್ ಲೆಕ್ಕದಿಂದ ಮಾಯ! ಯಂತ್ರ ದೂರುವುದೂ ಇಲ್ಲ.

ಇನ್ನು ಪುಸ್ತಕಗಳ ಮಾತು. ಪರರು ಬರೆದಿಟ್ಟ ಸಿದ್ಧ ಕ್ರಮವಿಧಿಗಳಿಗೆ ಲೈಬ್ರರಿ ಎಂದೇ ಹೆಸರು. 3.8ಕ್ಕೂ 3.12ಕ್ಕೂ ಹೀಗೆ ತಂದಿರಿಸಿದ ಪುಸ್ತಕಗಳ ಕಪಾಟು ಬೇರೆ ಬೇರೆ. ನಿನ್ನೆ ಒಂದರಲ್ಲಿ ಇರಿಸಿದುದನ್ನು ಇಂದು ಇನ್ನೊಂದು 'ಇಲ್ಲ' ಎನ್ನುತ್ತದೆ. ಆಗ ಅವಸರದ ಹುಡುಗ 'ಪೈಥಾನ್‌ಪಾಥ್' ಎಂಬ ಸೂಚನೆಯಲ್ಲಿ ಹಳೆಯ ಕಪಾಟಿನ ದಾರಿ ಬರೆದುಬಿಡುತ್ತಾನೆ. ಅದು ಎಲ್ಲ ಆವೃತ್ತಿಗಳಿಗೂ ಸಮನಾಗಿ ಅನ್ವಯಿಸುವುದಷ್ಟೇ ಅಲ್ಲ, ಆಯಾ ಆವೃತ್ತಿಯ ಸ್ವಂತ ಕಪಾಟಿಗಿಂತ ಮೊದಲು ಹುಡುಕಲ್ಪಡುತ್ತದೆ. ಒಂದು ಆವೃತ್ತಿಗೆಂದೇ ಯಂತ್ರಭಾಷೆಗೆ ಇಳಿಸಿದ ಪುಸ್ತಕ ಇನ್ನೊಂದರಲ್ಲಿ ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ಅದೇ ಎಷ್ಟೋ ವಾಸಿ. ಹಳೆಯ ಪುಸ್ತಕ ತೆರೆದು, ಹೊಸದರ ಹೆಸರಿನಲ್ಲಿ ಹಳೆಯ ಉತ್ತರ ಕೊಟ್ಟಾಗ ಹಿಡಿಯುವುದು ಕಷ್ಟ.

2012ರಲ್ಲಿ ಬಂದ 3.3ರಿಂದೀಚೆಗೆ 'ವೆನ್ವ್' ಎಂಬ ಸಾಧನ ಭಾಷೆಯ ಜೊತೆಯಲ್ಲಿಯೇ ದೊರೆಯುತ್ತದೆ. ಪ್ರತಿಯೊಂದು ಕೆಲಸಕ್ಕೂ ಅದು ಪ್ರತ್ಯೇಕ ಕೋಣೆ, ಪ್ರತ್ಯೇಕ ಕಪಾಟು ಒದಗಿಸುತ್ತದೆ. ಯಾವ ಆವೃತ್ತಿಯಿಂದ ಕೋಣೆ ಕಟ್ಟಿತೋ ಅದರ ಮೂಲಕವೇ 'ಪಿಪ್' ಕರೆದು ಪುಸ್ತಕ ತರಿಸಬೇಕು. ಹುಡುಕುವ ದಾರಿಗಳು ಯಾವ ಕ್ರಮದಲ್ಲಿವೆಯೆಂದು 'ಸಿಸ್' ಘಟಕದ 'ಪಾಥ್' ಪಟ್ಟಿ ತೋರಿಸುತ್ತದೆ. ಅನುಮಾನ ಬಂದಾಗ ಮೊದಲು ನೋಡಬೇಕಾದುದು ಅದನ್ನೇ. ಹೊಸ ಆವೃತ್ತಿ ಬಂದರೆ ಕೋಣೆಯನ್ನು ಹೊತ್ತೊಯ್ಯುವಂತಿಲ್ಲ. ಪುಸ್ತಕಗಳ ಪಟ್ಟಿಯೊಂದನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಹೊಸ ಕೋಣೆ ಕಟ್ಟುವುದು ಕೆಲವು ನಿಮಿಷಗಳ ಕೆಲಸ. ಎರಡನೆಯ ಆವೃತ್ತಿಯಲ್ಲಿ ಹಂಚಿದ ತೊಗರಿಯ ಲೆಕ್ಕವನ್ನು ಮಾತ್ರ ಅಣ್ಣತಮ್ಮಂದಿರು ಎದುರುಬದುರು ಕುಳಿತು ಕೈಯಿಂದಲೇ ಮತ್ತೊಮ್ಮೆ ನೋಡಬೇಕಾದೀತು.