ಕಟ್ಟಡ ಹೊಸದು, ಲ್ಯಾಬಿನ ಬೀಗ?

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ತಾಲ್ಲೂಕುಗಳು. ಈ ಭಾಗದ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ ಬಿಇಗೆ ಬಂದವನು ನಾನು. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಮೀಸಲಾತಿಯಿದೆ. ಸೀಟೇನೋ ಸಿಗುತ್ತದೆ, ಆದರೆ ನಾನು ವೋಲ್ಟ್‌ಮೀಟರ್ ಮುಟ್ಟಿದ್ದು ಪಿಯುಸಿಗೆ ಬಂದ ಮೇಲೆಯೇ.

2018–19ರಲ್ಲಿ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪಿಯುಸಿವರೆಗೂ ಒಂದೇ ಆವರಣ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಆಸರೆ. 2023ರ ಶಕ್ತಿ ಯೋಜನೆ ಬಸ್ ಚಾರ್ಜ್ ಉಳಿಸಿತು. ಸಂಜೆ ಬಸ್ ತಪ್ಪಿದರೆ ಮನೆಯವರಿಗಾಗುವ ಆತಂಕವನ್ನಲ್ಲ.

ಆದರೆ ಸ್ಮಾರ್ಟ್ ಬೋರ್ಡ್ ಇದ್ದು, ಗಣಿತ, ವಿಜ್ಞಾನಕ್ಕೆ ಕಾಯಂ ಶಿಕ್ಷಕರಿಲ್ಲದಿದ್ದರೆ ಏನು ಬಂತು? ಗೆಳೆಯರೇ, ಊರಿನ ಹೊಸ ಕಟ್ಟಡದ ಫೋಟೊ ಸ್ಟೇಟಸ್‌ಗೆ ಹಾಕುವ ಮುನ್ನ ಒಂದು ಮಾತು ಕೇಳೋಣ: ಲ್ಯಾಬಿನ ಬೀಗ ವಾರಕ್ಕೆ ಎಷ್ಟು ಸಲ ತೆಗೆಯುತ್ತಾರೆ?