ಕೊಳವೆಯ ನೀರು ಹೋದದ್ದೆಲ್ಲಿಗೆ?

ಮ್ಯಾಂಚೆಸ್ಟರಿನಿಂದ ಮಗಳ ಫೋನ್: ಮನೆ ಕಾಯುತ್ತಿಲ್ಲ, ಕೂಸು ಚಳಿಗೆ ನಡುಗುತ್ತಿದೆ. 'ಬಾಯ್ಲರಿನ ಒತ್ತಡದ ಮುಳ್ಳು ನೋಡು' ಎಂದೆ. ಸೊನ್ನೆಯ ಹತ್ತಿರವಿತ್ತು!

ಅದು ನಮ್ಮ ಬಚ್ಚಲ ಹಂಡೆಯಂತಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ನೀರು ಸುತ್ತಿ ಕೋಣೆಗಳನ್ನು ಕಾಯಿಸುತ್ತದೆ. ಒತ್ತಡ ಕುಸಿದರೆ ಬಾಯ್ಲರ್ ತಾನೇ ನಿಂತುಬಿಡುತ್ತದೆ. ಆರಿಸಿ, ತಣಿದ ಮೇಲೆ, ನಲ್ಲಿನೀರು ಸೇರಿಸುವ ಎರಡು ಕವಾಟಗಳನ್ನು ಮೆಲ್ಲಗೆ ತೆರೆಸಿದೆ. ಮುಳ್ಳು 1 ಬಾರ್ ದಾಟಿ 1.5ರ ಒಳಗಿರುವಾಗಲೇ ಎರಡನ್ನೂ ಮುಚ್ಚಿಸಿದೆ. ಮರೆತರೆ 3 ಬಾರಿಗೆ ಸುರಕ್ಷಾ ಕವಾಟ ತೆರೆದು ನೀರೆಲ್ಲ ಹೊರಗೆ.

ರೇಡಿಯೇಟರುಗಳು ಬಿಸಿಯಾದವು. ಮಗಳು ನಿರಾಳ, ನನಗಿಲ್ಲ. ಮುಚ್ಚಿದ ಕೊಳವೆಯ ನೀರು ಆವಿಯಾಗಿ ಹೋಗುವುದುಂಟೆ? ಸೋರಿಕೆ ಹುಡುಕದೆ ಪದೇ ಪದೇ ತುಂಬಿದರೆ, ಹೊಸ ನೀರಿನ ಆಮ್ಲಜನಕ ಉಕ್ಕನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ.

ಬೆಳಿಗ್ಗೆ ಮುಳ್ಳು ಮತ್ತೆ ಇಳಿದಿತ್ತು. ಕೂಸಿನ ಕೋಣೆಯ ರೇಡಿಯೇಟರಿನಡಿ ಕಾರ್ಪೆಟ್ ಒದ್ದೆಯಂತೆ. ಮೆಕ್ಯಾನಿಕ್ ಮಧ್ಯಾಹ್ನ ಬರುತ್ತಾನೆ.