ಬಿಚ್ಚದ ಪೆಟ್ಟಿಗೆಯೊಳಗಿನ ಬಿ-ಸೈಡುಗಳು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿಯಲ್ಲಿ ಮಾತನಾಡಿದ. ಹೆಸರು ಬರೆಯುವುದಿಲ್ಲ, ಅವನ ತರಗತಿಯವರಿಗೆ ಹೇಗೂ ಗೊತ್ತಾಗುತ್ತದೆ. ಕುಶಲ ಪ್ರಶ್ನೆಗಳು ಮುಗಿದ ಮೇಲೆ ಸ್ವಲ್ಪ ತಡೆದು, "ಸಾರ್, ಪಾಲ್ ಮೆಕಾರ್ಟ್ನಿಯ ಸಿಂಗಲ್‌ಗಳ ಪೆಟ್ಟಿಗೆಯೊಂದು ಇಂಗ್ಲೆಂಡಿನಲ್ಲಿ ಮಾರಾಟಕ್ಕಿದೆ. ಬೀಟಲ್ಸ್ ಬಿಟ್ಟ ಮೇಲೆ ಅವನು ಮಾಡಿದ ಬಿ-ಸೈಡುಗಳು ಹೆಚ್ಚುಕಡಿಮೆ ಎಲ್ಲವೂ ಅದರಲ್ಲಿವೆಯಂತೆ. ತರಿಸಲೇ? ಈ ರುಚಿ ಹತ್ತಿಸಿದವರು ನೀವೇ, ನೀವೇ ಹೇಳಬೇಕು" ಎಂದ. ಬೆಲೆ ಕೇಳಿದೆ. ಎಂಬತ್ತು ಸಾವಿರ ರೂಪಾಯಿ. ಸಾಗಣೆ ಮತ್ತು ಸುಂಕ ಬೇರೆ.

ರುಚಿ ಹತ್ತಿಸಿದ ಆರೋಪವನ್ನು ಒಪ್ಪಿಕೊಳ್ಳುತ್ತೇನೆ. ಶನಿವಾರದ ಬೆಳಗಿನ ತರಗತಿ ಮುಗಿದ ಮೇಲೆ ಟೇಪ್‌ರೆಕಾರ್ಡರಿನಲ್ಲಿ ಇಂಗ್ಲಿಷ್ ಹಾಡು ಕೇಳಿಸಿ ಉಚ್ಚಾರಣೆ ತಿದ್ದುತ್ತಿದ್ದವನು ನಾನೇ. ಆದುದರಿಂದ ಉತ್ತರ ಕೊಡುವ ಹೊಣೆಯೂ ನನ್ನದು. ಉತ್ತರ ಇಷ್ಟೆ: ಆ ಹಾಡುಗಳನ್ನು ಕೇಳು, ಪೆಟ್ಟಿಗೆಯನ್ನು ಕೊಳ್ಳಬೇಡ. ಒಂದು ಸಾಲಿನಲ್ಲಿ ಹೇಳಿದರೆ ಅವನು ಒಪ್ಪುವವನಲ್ಲ. ಪರೀಕ್ಷೆಯಲ್ಲಿಯೂ ಅರ್ಧ ಅಂಕಕ್ಕೆ ಜಗಳವಾಡುತ್ತಿದ್ದವನು. ಹೀಗಾಗಿ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಬಿ-ಸೈಡ್ ಎಂದರೇನೆಂದು ಕಿರಿಯರಿಗೆ ತಿಳಿಯದಿರಬಹುದು. ನಿಮಿಷಕ್ಕೆ 45 ಸುತ್ತು ತಿರುಗುವ, 7 ಅಂಗುಲದ ಚಿಕ್ಕ ತಟ್ಟೆಗೆ ಎರಡು ಮುಖ. ಮಾರಾಟವಾಗಬೇಕಾದ ಹಾಡು ಮುಂಬದಿಗೆ. ತಟ್ಟೆಗೆ ಹಿಂಬದಿಯೂ ಇದೆಯಲ್ಲ ಎಂದು ಇನ್ನೊಂದು ಹಾಡು ಅಲ್ಲಿಗೆ. ಅಮೆರಿಕದ ನಿರ್ಮಾಪಕ ಫಿಲ್ ಸ್ಪೆಕ್ಟರ್ 1960ರ ದಶಕದ ಮೊದಲ ವರ್ಷಗಳಲ್ಲಿ ತನ್ನ ತಟ್ಟೆಗಳ ಹಿಂಬದಿಗೆ ವಾದ್ಯಗಾರರು ಸುಮ್ಮನೆ ನುಡಿಸಿದ್ದನ್ನು ತುಂಬಿಸುತ್ತಿದ್ದ. ರೇಡಿಯೋದವರು ಅಪ್ಪಿತಪ್ಪಿಯೂ ತಟ್ಟೆಯನ್ನು ಮಗುಚಬಾರದೆಂಬುದೇ ಅದರ ಉದ್ದೇಶ. ಇದನ್ನೇ ಹಿಡಿದುಕೊಂಡು ಕೆಲವರು ಬಿ-ಸೈಡ್ ಎಂದರೆ ಎಂಜಲು, ಕಸ ಎನ್ನುತ್ತಾರೆ. ನನ್ನ ಸೋದರಳಿಯನೇ ಹಾಗೆನ್ನುತ್ತಾನೆ. ಇವರೊಡನೆಯೂ ನನ್ನ ತಕರಾರಿದೆ, ಮೊದಲು ಅದನ್ನು ತೀರಿಸುತ್ತೇನೆ.

1968ರ ಜನವರಿಯಲ್ಲಿ ಜಾರ್ಜ್ ಹ್ಯಾರಿಸನ್ ಮುಂಬಯಿಯ ಎಚ್.ಎಂ.ವಿ. ಸ್ಟುಡಿಯೋದಲ್ಲಿ ನಮ್ಮ ವಾದ್ಯಗಾರರನ್ನು ಕೂರಿಸಿಕೊಂಡು ಒಂದು ಹಾಡಿನ ವಾದ್ಯಭಾಗವನ್ನು ಮುದ್ರಿಸಿಕೊಂಡ. ಕೊಳಲು ನುಡಿಸಿದವರಲ್ಲಿ ಹರಿಪ್ರಸಾದ್ ಚೌರಾಸಿಯಾ ಇದ್ದರು. 'ದಿ ಇನ್ನರ್ ಲೈಟ್' ಎಂಬ ಆ ಹಾಡು ಬೀಟಲ್ಸ್‌ನ 'ಲೇಡಿ ಮಡೋನಾ' ತಟ್ಟೆಯ ಹಿಂಬದಿಯಲ್ಲಿ ಬಂತು. ಬೀಟಲ್ಸ್‌ನ ಸಿಂಗಲ್ ಒಂದರಲ್ಲಿ ಹ್ಯಾರಿಸನ್ನನ ರಚನೆಗೆ ಸಿಕ್ಕ ಮೊದಲ ಜಾಗ ಅದು, ಅದೂ ಹಿಂಬದಿ. ಅದನ್ನು ಕಸವೆನ್ನುವವನ ಕಿವಿಯನ್ನು ಪರೀಕ್ಷಿಸಬೇಕಾಗುತ್ತದೆ.

ಮೂರು ವರ್ಷಗಳ ನಂತರ ಅದೇ ಹ್ಯಾರಿಸನ್, ಆಗ ಒಂಟಿ ಗಾಯಕ, ರವಿಶಂಕರರ ಮಾತಿನಂತೆ ನಿರಾಶ್ರಿತರ ನೆರವಿಗಾಗಿ 'ಬಾಂಗ್ಲಾ ದೇಶ್' ಎಂಬ ಸಿಂಗಲ್ ತಂದ. ಕಾಲ 1971ರ ಜುಲೈ. ನ್ಯೂಯಾರ್ಕಿನ ಆ ಪ್ರಸಿದ್ಧ ಕಛೇರಿ ಆಗಸ್ಟ್ 1ರಂದು. ಮುಂಬದಿಯ ಹಾಡನ್ನು ಲೋಕ ಕೇಳಿತು. ಹಿಂಬದಿಯಲ್ಲಿದ್ದುದು 'ಡೀಪ್ ಬ್ಲೂ'. ಹ್ಯಾರಿಸನ್ನನ ತಾಯಿ ತೀರಿಕೊಂಡದ್ದು 1970ರ ಜುಲೈಯಲ್ಲಿ. ಆಸ್ಪತ್ರೆಯಲ್ಲಿ ಆಕೆಯ ಬಳಿ ಕುಳಿತು ಏನೂ ಮಾಡಲಾಗದೆ ಬಂದ ಮಗನ ಹಾಡು ಅದು. ಆರ್ಭಟವಿಲ್ಲ, ಅಕೌಸ್ಟಿಕ್ ಗಿಟಾರು ಮತ್ತು ದಣಿದ ಧ್ವನಿ. ಮುಂದೆ ಒಂದು ನಾಡಿನ ಸಂಕಟವನ್ನಿಟ್ಟು, ತನ್ನ ಮನೆಯ ಸಂಕಟವನ್ನು ತಟ್ಟೆಯ ಬೆನ್ನಿಗೆ ಸರಿಸಿದ ಆ ಸಂಕೋಚ ನನಗೆ ಇಂದಿಗೂ ಗೌರವ ಹುಟ್ಟಿಸುತ್ತದೆ. ನನ್ನ ತಾಯಿಯ ಕೊನೆಯ ತಿಂಗಳುಗಳಲ್ಲಿ ನಾನೂ ಅಂತಹ ಬೆಂಚಿನ ಮೇಲೆ ಕುಳಿತವನು. ಆ ತಟ್ಟೆಯನ್ನು ನಿರ್ಮಿಸುವಲ್ಲಿ ಹ್ಯಾರಿಸನ್ನನ ಜೊತೆಗಿದ್ದವನು ಇದೇ ಫಿಲ್ ಸ್ಪೆಕ್ಟರ್ ಎಂಬುದನ್ನೂ ಸೋದರಳಿಯ ಗಮನಿಸಲಿ. ಈ ಹಾಡು ಸಿ.ಡಿ. ರೂಪದಲ್ಲಿ ಬಂದದ್ದು 2006ರಲ್ಲಿ, ಬೇರೊಂದು ಆಲ್ಬಮ್ಮಿನ ಬಾಲವಾಗಿ. ಮೂವತ್ತೈದು ವರ್ಷ ಅದು ಹಳೆಯ ತಟ್ಟೆ ಇದ್ದವರ ಸೊತ್ತಾಗಿತ್ತು.

ಇನ್ನು ಮೆಕಾರ್ಟ್ನಿಗೆ ಬರೋಣ. ಇವನ ಬಿ-ಸೈಡುಗಳಲ್ಲಿ ಆಟಿಕೆಗಳೂ ಇವೆ. 1979ರ ಕ್ರಿಸ್‌ಮಸ್ ಸಿಂಗಲ್ಲಿನ ಹಿಂಬದಿಯಲ್ಲಿ ಮಕ್ಕಳ ಜಿಂಕೆಯ ಹಾಡನ್ನು ಜಮೈಕಾದ ರೆಗೇ ತಾಳಕ್ಕೆ ಕುಣಿಸಿದ್ದಾನೆ. ಒಮ್ಮೆ ಕೇಳಿ ನಕ್ಕರೆ ಮುಗಿಯಿತು. ಆದರೆ ಅದೇ ವರ್ಷದ 'ಗುಡ್‌ನೈಟ್ ಟುನೈಟ್' ತಟ್ಟೆಯ ಹಿಂದೆ 'ಡೇಟೈಮ್ ನೈಟ್‌ಟೈಮ್ ಸಫರಿಂಗ್' ಇದೆ. ಹಿಂಬದಿಗೊಂದು ಹಾಡು ಬರೆದು ತನ್ನಿರೆಂದು ತಂಡದವರಿಗೆಲ್ಲ ವಾರಾಂತ್ಯದ ಮನೆಗೆಲಸ ಕೊಟ್ಟ ಮೆಕಾರ್ಟ್ನಿ, ಸೋಮವಾರ ತಾನೇ ಇದನ್ನು ಬರೆದುಕೊಂಡು ಬಂದನಂತೆ. ಮುಂಬದಿಗಿಂತ ಹಿಂಬದಿಯೇ ಮೇಲು ಎಂಬುದು ನನ್ನ ತೀರ್ಮಾನ. ಇನ್ನೊಂದು 'ರೇನ್‌ಕ್ಲೌಡ್ಸ್': 1980ರ ಡಿಸೆಂಬರ್ 9ರಂದು, ಲೆನನ್ನನ ಹತ್ಯೆಯ ಸುದ್ದಿ ಬಂದ ದಿನವೇ, ಮೆಕಾರ್ಟ್ನಿ ಸ್ಟುಡಿಯೋಗೆ ಹೋಗಿ ಕೆಲಸ ಮಾಡಿದ ಹಾಡು. 1982ರಲ್ಲಿ ಅದು 'ಎಬೊನಿ ಅಂಡ್ ಐವರಿ'ಯ ಹಿಂದೆ ಬಂತು.

ಹಾಗಾದರೆ ಕೊಳ್ಳಲು ಅಡ್ಡಿಯೇನು? ಇಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಬೇಕು. 1993ರಲ್ಲಿ ಮೆಕಾರ್ಟ್ನಿಯ ಹಳೆಯ ಆಲ್ಬಮ್‌ಗಳು ಬಿ-ಸೈಡುಗಳನ್ನು ಸೇರಿಸಿಕೊಂಡು ಸಿ.ಡಿ.ಗಳಾಗಿ ಮತ್ತೆ ಬಂದವು. ಒಂದೆರಡು ವರ್ಷಗಳ ಬಳಿಕ ಮೌಲ್ಯಮಾಪನದ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ, ಮೇಲೆ ಹೇಳಿದ ಆ ಒಂದೇ ಹಾಡಿಗಾಗಿ 'ಬ್ಯಾಕ್ ಟು ದಿ ಎಗ್' ಎಂಬ ಆಮದು ಸಿ.ಡಿ.ಗೆ ಆರುನೂರು ರೂಪಾಯಿ ಕೊಟ್ಟೆ. ಮೌಲ್ಯಮಾಪನದ ಭತ್ಯೆಯೆಲ್ಲ ಅದಕ್ಕೇ ಹೋಯಿತು. ಮನೆಯಾಕೆ ಏನೂ ಗೊಣಗಲಿಲ್ಲ. ಹಾಡು ಏನು ಹೇಳುತ್ತದೆ ಎಂದಷ್ಟೇ ಕೇಳಿದಳು. ಹೆಂಗಸರು ಹಗಲಿರುಳು ಪಡುವ ಪಾಡು ಎಂದೆ. "ಅದನ್ನು ತಿಳಿಯಲು ಆರುನೂರು ರೂಪಾಯಿ ಯಾಕೆ, ಅಡುಗೆಮನೆಗೆ ಬಂದಿದ್ದರೆ ಸಾಕಿತ್ತಲ್ಲ" ಎಂದಳು.

ಆದರೂ ಆ ಖರೀದಿ ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಅಂದು ಆ ಹಾಡನ್ನು ಕೇಳಲು ನನಗೆ ಬೇರೆ ದಾರಿಯಿರಲಿಲ್ಲ. ಆಮದಾದ ಬಿ-ಸೈಡ್ ಸಂಕಲನಕ್ಕೆ ಬೆಲೆ ಬಂದದ್ದೇ ಆ ಕಾರಣದಿಂದ: ಕಳೆದುಹೋದದ್ದನ್ನು ಅದು ಹುಡುಕಿಕೊಡುತ್ತಿತ್ತು. ನನ್ನ ಶಿಷ್ಯ ಹೇಳುವ ಪೆಟ್ಟಿಗೆ ಏನನ್ನು ಹುಡುಕಿಕೊಡುತ್ತದೆ? 2022ರ ಡಿಸೆಂಬರಿನಲ್ಲಿ ಅದು ಬಂದಾಗ ಅದರಲ್ಲಿ 80 ತಟ್ಟೆಗಳು, ಹತ್ತು ಗಂಟೆಗೂ ಮಿಕ್ಕ ಸಂಗೀತ, ಒಂದು ಪುಸ್ತಕ, ಹೊರಗೊಂದು ಮರದ ಪೆಟ್ಟಿಗೆ. ಇಡೀ ಜಗತ್ತಿಗೆ 3,000 ಪ್ರತಿ ಮಾತ್ರ. ಬೆಲೆ ಆಗಲೇ ಆರುನೂರು ಡಾಲರಿನ ಆಸುಪಾಸು. ಅದೇ ಹಾಡುಗಳನ್ನು ಅದೇ ಹೊತ್ತಿನಲ್ಲಿ ಅಂತರಜಾಲದ ಮೂಲಕವೂ ಕೇಳಲು ಬಿಟ್ಟರು. ಅಂದರೆ ಹಾಡಿಗೆ ಕೊರತೆಯಿಲ್ಲ, ಪೆಟ್ಟಿಗೆಗೆ ಮಾತ್ರ ಕೊರತೆ, ಅದೂ ಬೇಕೆಂದೇ ಉಂಟುಮಾಡಿದ ಕೊರತೆ. ಅಕ್ಕಿಯನ್ನು ಗೋದಾಮಿನಲ್ಲಿ ಬಚ್ಚಿಟ್ಟು ಬೆಲೆ ಏರಿಸುವವನನ್ನು ನಾವು ಕಾಳಸಂತೆಕೋರನೆನ್ನುತ್ತೇವೆ. ಇಲ್ಲಿ ಪೆಟ್ಟಿಗೆಗೆ ಸಂಖ್ಯೆ ಹಾಕಿ ಸಂಗ್ರಾಹಕರ ಆವೃತ್ತಿ ಎನ್ನುತ್ತಾರೆ.

ಬಿ-ಸೈಡಿನ ಸ್ವಭಾವಕ್ಕೇ ಇದು ವಿರುದ್ಧ. ಒಂದು ಹಾಡಿಗೆ ದುಡ್ಡು ಕೊಟ್ಟವನಿಗೆ ಕೊಸರಾಗಿ ಸಿಗುತ್ತಿದ್ದುದು ಅದು. ನಮ್ಮ ಸಂತೆಯಲ್ಲಿ ಸೊಪ್ಪಿನವಳು ಕಟ್ಟಿನ ಮೇಲೆ ಹಾಕುತ್ತಿದ್ದ ಕೊತ್ತಂಬರಿಯ ಹಾಗೆ. ಕೊಸರಿಗೆ ಎಂಬತ್ತು ಸಾವಿರ ಕೇಳುವವರಿದ್ದಾರೆಂದರೆ ಕೊಡುವವರೂ ಇದ್ದಾರೆಂದೇ ಅರ್ಥ.

ತಟ್ಟೆಯ ನಾದವೇ ಬೇರೆ, ಕೈಯಲ್ಲಿ ಹಿಡಿಯುವ ಸುಖವೇ ಬೇರೆ ಎಂದು ಅವನು ವಾದಿಸಿದ. ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಅಜ್ಜನ ಮನೆಯ ಕೀಲಿ ಕೊಡುವ ಗ್ರಾಮಫೋನಿನ ಮುಂದೆ ಬೆಳೆದವನು ನಾನು. ಹಾಗಾದರೆ ನಿನ್ನ ಬಳಿ ತಟ್ಟೆ ನುಡಿಸುವ ಯಂತ್ರ ಯಾವುದಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. "ಇನ್ನೂ ಕೊಂಡಿಲ್ಲ ಸಾರ್. ಆದರೆ ಈ ಪೆಟ್ಟಿಗೆಯನ್ನು ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಬೆಲೆ ಬಿದ್ದುಹೋಗುತ್ತದೆ."

ನಲವತ್ತು ಮಕ್ಕಳ ಮುಂದೆ ಮೂವತ್ತು ವರ್ಷ ನಿಂತವನು ನಾನು. ಆದರೂ ಈ ಉತ್ತರಕ್ಕೆ ಸಿದ್ಧನಿರಲಿಲ್ಲ. ತಾಯಿಗಾಗಿ ಅತ್ತವನ ಹಾಡು ಮೂವತ್ತೈದು ವರ್ಷ ಸಿಗದೆ ಹೋಯಿತೆಂದು ನಾನು ಕೊರಗುತ್ತಿದ್ದರೆ, ಸಿಕ್ಕಿರುವ ಹಾಡುಗಳನ್ನು ಕೇಳದೆ ಇಡುವುದಕ್ಕಾಗಿ ಇವನು ಸಾಲ ಮಾಡಲು ಹೊರಟಿದ್ದಾನೆ. ಹೂಡಿಕೆ ಬೇಕಿದ್ದರೆ ಅಂಚೆ ಕಚೇರಿಯಿದೆಯಪ್ಪ. ಅಲ್ಲಿನ ಪಾಸ್‌ಬುಕ್ಕಿಗೆ ಧೂಳು ಹಿಡಿದರೂ ಬಡ್ಡಿ ನಿಲ್ಲುವುದಿಲ್ಲ.

ಮಾರುವವನು ಸೋಮವಾರದವರೆಗೆ ಗಡುವು ಕೊಟ್ಟಿದ್ದಾನಂತೆ. ಈ ಭಾನುವಾರ ಊರಿಗೆ ಬರುತ್ತೇನೆಂದು ಶಿಷ್ಯ ಹೇಳಿದ್ದಾನೆ. ನನ್ನ ಆ ಆರುನೂರು ರೂಪಾಯಿಯ ಸಿ.ಡಿ.ಯನ್ನು ಕಪಾಟಿನಿಂದ ತೆಗೆದು ಒರೆಸಿಟ್ಟಿದ್ದೇನೆ. ನಡುವೆ ಒಂದೆರಡು ಕಡೆ ತಡವರಿಸುತ್ತದೆ, ಆ ಹಾಡು ಮಾತ್ರ ಇನ್ನೂ ಸರಿಯಾಗಿ ಬರುತ್ತದೆ.